ಬಿಳಿ ಹುಬ್ಬಿನ ಕೊಲೆಗಾರ

“ಮೇಡಂ, ನಿಮ್ ಕಥೆ ಕೊಲೆಗಾರ ಸಿಕ್ಬುಟ್ಟ ಕಣ್ರೀ! ಬ್ಯಾರನ್ ಒಳಗೆ ಕೂಡಾಕಿವಿ. ಬಿರ್‌ಬಿರ್ನೆ ಬನ್ನಿ. ಇವ್ನೇನಾ ಅಲ್ವಾ ಅಂತ ನೀವೇ ನೋಡಿ ಏಳ್ಬೇಕು.”

ಕಳೆದ ಬುಧವಾರ ಮಧ್ಯಾಹ್ನ ಒಂದೂವರೆಗೆ ಬಂದ ಫೋನ್. ನಾನು ಲೈಬ್ರರಿಯಲ್ಲಿ ಡಬ್ಬಿ ಬಿಚ್ಚಿಕೊಂಡು ಮೊಸರನ್ನ ತಿನ್ನುತ್ತಿದ್ದೆ. ಬಾಯಲ್ಲಿದ್ದ ತುತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಏಕೆಂದರೆ ಆ ಕೊಲೆಗಾರ ಈ ಲೋಕದಲ್ಲಿ ಇಲ್ಲ. ನಾನು ಓದಿ ಹೇಳುತ್ತಿದ್ದ ಪುಸ್ತಕದಲ್ಲೂ ಇಲ್ಲ! ಅವನನ್ನು ಹುಟ್ಟಿಸಿದವಳು ನಾನು. ಹೋದ ತಿಂಗಳು, ಒಂದು ಹೊಗೆಸೊಪ್ಪಿನ ಶೆಡ್ಡಿನಲ್ಲಿ, ಹತ್ತು ಹನ್ನೆರಡು ಹೆಂಗಸರನ್ನು ಹೆದರಿಸುವುದಕ್ಕೆ ಅಂತಲೇ.

ನನ್ನ ಬಾಯಿಂದ ಹುಟ್ಟಿದವನು ಈಗ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಕೂತಿದ್ದಾನೆ ಅಂದರೆ ನನಗೆ ಹೇಗಾಗಿರಬೇಡ, ನೀವೇ ಹೇಳಿ?

ಈ ಅಂಕಣ ಓದುವ ನಿಮಗೆ ನನ್ನ ಸಂಗತಿ ಹೊಸದಲ್ಲ. ಮನೆ ಪಿರಿಯಾಪಟ್ಟಣದಲ್ಲಿ. ಕೆಲಸ ಕಂಪಲಾಪುರದ ಆಚೆಗಿನ ಒಂದು ಊರಿನ ಪಂಚಾಯಿತಿ ಲೈಬ್ರರಿಯಲ್ಲಿ (ಊರಿನ ಹೆಸರು ಕೇಳಬೇಡಿ, ನಾಳೆಯೂ ನಾನು ಅಲ್ಲಿಗೇ ಹೋಗಬೇಕು). ಸ್ವಭಾವದಲ್ಲಿ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಬೆಚ್ಚುತ್ತೇನೆ. ಓದುವುದು ಮಾತ್ರ ಕೊಲೆ, ರಕ್ತ, ಪತ್ತೇದಾರಿ. ಕೊರಿಯರ್‌ನವರು ಬಂದರೆ ಅವರ ಶೂ ಮೇಲಿನ ಮಣ್ಣು ನೋಡುತ್ತೇನೆ. ನಮ್ಮ ಮನೆಯವರು ಕೆ.ಆರ್. ನಗರಕ್ಕೆ ಹೋಗಿ ಬರುವುದು ಅರ್ಧ ಗಂಟೆ ತಡವಾದರೆ, ಪೊಲೀಸರು ನನ್ನನ್ನು ಮೊದಲು ಏನು ಕೇಳಬಹುದು ಅಂತ ಯೋಚಿಸಿ ಉತ್ತರ ಸಿದ್ಧ ಮಾಡಿಕೊಂಡಿರುತ್ತೇನೆ. ಅವರು ಬಾಳೆಹಣ್ಣು ಹಿಡಿದುಕೊಂಡು ನಗುತ್ತಾ ಬರುತ್ತಾರೆ. ನನಗೆ ಸಮಾಧಾನವೂ ಆಗುತ್ತದೆ, ಒಂಚೂರು ನಿರಾಸೆಯೂ ಆಗುತ್ತದೆ. ಸುಳ್ಳು ಯಾಕೆ ಹೇಳಲಿ?

ಇದು ಹೊಗೆಸೊಪ್ಪಿನ ಕಾಲ. ಮುರಿದು ತಂದ ಹಸಿ ಎಲೆಯನ್ನು ದಾರದಿಂದ ಉದ್ದನೆಯ ಕಡ್ಡಿಗೆ ಕಟ್ಟಬೇಕು. ಆ ಕಡ್ಡಿಗಳನ್ನು ಬ್ಯಾರನ್ ಅನ್ನುವ ಎತ್ತರದ ಮನೆಯೊಳಗೆ ಸಾಲಾಗಿ ನೇತುಹಾಕಿ, ಕೆಳಗಿನ ಒಲೆಗೆ ಸೌದೆ ಹಾಕಿ ಬೇಯಿಸಬೇಕು. ಕಟ್ಟುವ ಕೆಲಸ ಹೆಂಗಸರದು. ಬೆಳಗಿನಿಂದ ಸಂಜೆವರೆಗೆ ಶೆಡ್ಡಿನಲ್ಲಿ ಕಾಲು ಚಾಚಿ ಕೂತು ಕಟ್ಟುತ್ತಾರೆ. ಎಲೆಯ ಅಂಟಿಗೆ ಕೈಯೆಲ್ಲ ಕಪ್ಪು. ಕೈಗೆ ಬಿಡುವಿಲ್ಲ, ಕಿವಿ ಮಾತ್ರ ಖಾಲಿ.

ಆ ಖಾಲಿ ಕಿವಿಗಳು ನನ್ನ ಕಣ್ಣಿಗೆ ಬಿದ್ದವು. ಶೆಡ್ಡಿನ ಒಡತಿ ಜಯಮ್ಮ ಒಂದು ದಿನ ಲೈಬ್ರರಿ ಮುಂದೆ ಹೋಗುತ್ತಾ, “ಮೇಡಂ, ಒಬ್ರೇ ಕೂತ್ಕಂಡು ಓದ್ಕತೀರಲ್ಲ, ನಮ್ಗೂ ಒಸಿ ಓದಿ ಏಳಿ” ಅಂದರು. ಸೋಮವಾರ, ಗುರುವಾರ ಮಧ್ಯಾಹ್ನ ಹೋಗುವುದು ಅಂತಾಯಿತು. ಅವರ ಶೆಡ್ಡು ಪಕ್ಕದ ಊರಿನಲ್ಲಿ, ಸ್ಕೂಟರಿನಲ್ಲಿ ಕಾಲು ಗಂಟೆ ದಾರಿ.

ಮೊದಲ ದಿನ ಒಯ್ದದ್ದು ಒಂದು ಹಳೆಯ ಪತ್ತೇದಾರಿ ಕಾದಂಬರಿ. ಬೆಟ್ಟದ ಮೇಲೊಂದು ಬಂಗಲೆ. ಪಿಯಾನೋ ನುಡಿಸುವ ಮುದುಕಿ. ಒಬ್ಬ ಬಟ್ಲರ್.

“ಬಟ್ಲರ್ ಅಂದ್ರೆ ಯಾರವ್ವಾ?” ಅಂದರು ಜಯಮ್ಮ.

“ಅಡುಗೆ, ಬಡಿಸೋದು ಎಲ್ಲ ನೋಡ್ಕೊಳ್ಳೋನು.”

“ಅಡಿಗೆಯವ್ನು ಅನ್ನಿ ಮತ್ತೆ. ಅವ್ನಿಗ್ಯಾಕೆ ಅಷ್ಟ್ ಜಂಬ?”

ಎಲ್ಲರೂ ನಕ್ಕರು. ಮುದುಕಿಯ ಕೊಲೆಯಾಗುವ ಪುಟದಲ್ಲೂ ನಕ್ಕರು. ಕೊಲೆ ಓದುವಾಗ ಕೇಳುವವರು ನಕ್ಕರೆ ಓದುವವಳ ಮಾನ ಉಳಿಯುತ್ತದೆಯೇ?

ಸರಿ, ನಾನು ಬಂಗಲೆಯನ್ನು ಬೆಟ್ಟದಿಂದ ಇಳಿಸಿದೆ. ಕೆ.ಆರ್. ನಗರದ ದಾರಿಯಲ್ಲಿ ನಾಲೆಯ ಪಕ್ಕ ಒಂದು ರೈಸ್‌ಮಿಲ್ ಮನೆ ಕಟ್ಟಿದೆ. ಪಿಯಾನೋ ಕಿತ್ತುಕೊಂಡು ಮುದುಕಿಯ ಕೊರಳಿಗೆ ಗುಂಡಿನ ಸರ ಹಾಕಿದೆ. ಕಣ್ಣು ಪುಸ್ತಕದ ಮೇಲೆ, ಬಾಯಿ ಮಾತ್ರ ನನ್ನದೇ. ಪುಟವನ್ನೂ ತಿರುಗಿಸುತ್ತಿದ್ದೆ, ಅನುಮಾನ ಬರಬಾರದಲ್ಲ! ನಗು ನಿಂತಿತು.

ಉಳಿದದ್ದು ಕೊಲೆಗಾರ. ಪುಸ್ತಕದಲ್ಲಿ ಕೊಲೆ ಮಾಡುವವನು ಮುದುಕಿಯ ಮನೆ ಡಾಕ್ಟರು. ನನಗೆ ಅವನು ಹಿಡಿಸಲಿಲ್ಲ. ಕಾರಿನಲ್ಲಿ ಬಂದು ಕಾರಿನಲ್ಲಿ ಹೋಗುವವನಿಗೆ ಹಳ್ಳಿಯಲ್ಲಿ ಯಾರು ಹೆದರುತ್ತಾರೆ? ಭಯ ಹುಟ್ಟಬೇಕಾದರೆ ಅವನು ನಮ್ಮ ಬೀದಿಯಲ್ಲಿ ಓಡಾಡಬೇಕು, ನಮ್ಮ ಜಗಲಿಯ ಮೇಲೆ ಕೂತು ನೀರು ಕೇಳಬೇಕು. ಹಾಗಾಗಿ ಹೊಸಬನನ್ನು ಮಾಡಿದೆ. ಒಂದು ಹುಬ್ಬು ಕಪ್ಪು, ಇನ್ನೊಂದು ಪೂರ್ತಿ ಬಿಳಿ. ಸೈಕಲ್ಲಿನ ಹಿಂದೆ ಒಂದು ಮರದ ಪೆಟ್ಟಿಗೆ. ಜೇಬಿನಲ್ಲಿ ಪೆಪ್ಪರ್‌ಮಿಂಟು, ಕಂಡ ಮಕ್ಕಳಿಗೆಲ್ಲ ಕೊಡುತ್ತಾನೆ. ನಗುತ್ತಾನೆ. ಪೆಟ್ಟಿಗೆ ಮಾತ್ರ ಯಾರ ಎದುರೂ ತೆರೆಯುವುದಿಲ್ಲ.

ಶೆಡ್ಡಿನಲ್ಲಿ ದಾರ ಎಳೆಯುವ ಸದ್ದೂ ನಿಂತುಹೋಯಿತು. ಸವಿತ ಅನ್ನುವವಳು ಪಕ್ಕದಲ್ಲಿ ಆಡುತ್ತಿದ್ದ ತನ್ನ ಮೂರು ವರ್ಷದ ಮಗಳು ಚಿನ್ನುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ನನಗಾದ ಖುಷಿ ಅಷ್ಟಿಷ್ಟಲ್ಲ. ಜೀವಮಾನವಿಡೀ ಹೆದರಿಕೊಂಡೇ ಬದುಕಿದವಳಿಗೆ ಇನ್ನೊಬ್ಬರನ್ನು ಹೆದರಿಸುವ ರುಚಿ ಹತ್ತಿತು.

ಹೋದ ಸೋಮವಾರ ರುಚಿ ವಿಪರೀತಕ್ಕೆ ಹೋಯಿತು. ಕಥೆಯಲ್ಲಿ ಒಂದು ಮಗುವನ್ನು ಕಾಣೆಯಾಗಿಸಿದೆ. (ಪುಸ್ತಕದಲ್ಲಿ ಮಗುವೇ ಇಲ್ಲ.) ಬಿಳಿ ಹುಬ್ಬಿನವನು ಕೊಟ್ಟ ಪೆಪ್ಪರ್‌ಮಿಂಟಿನ ಕಾಗದ ಮಾತ್ರ ಹೊಸಲಿನ ಮೇಲೆ ಬಿದ್ದಿದೆ. ಅಲ್ಲಿಗೆ ಪುಸ್ತಕ ಮುಚ್ಚಿದೆ.

“ಮಗು ಎಲ್ಲಿ ಅದೆ ಏಳ್ಬುಟ್ಟು ಓಗ್ರವ್ವಾ, ಅನ್ನ ಇಳಿಯಾಕಿಲ್ಲ” ಅಂತ ಜಯಮ್ಮ ಬೇಡಿಕೊಂಡರು.

“ಗುರುವಾರ” ಅಂದೆ. ಎಷ್ಟು ಗತ್ತಿನಿಂದ ಅಂದೆ ಅಂದರೆ, ಈಗ ನೆನಪಾದರೆ ಕೆನ್ನೆಗೆ ಹೊಡೆದುಕೊಳ್ಳುವ ಹಾಗಾಗುತ್ತದೆ.

ಗುರುವಾರಕ್ಕೆ ಮೊದಲು ಬುಧವಾರ ಬಂತು. ಮೊದಲೇ ಹೇಳಿದೆನಲ್ಲ, ಜಯಮ್ಮನ ಆ ಫೋನ್ ಬಂತು. “ಸವಿತನ ಮಗು ಕಾಣ್ತಿಲ್ಲ ಮೇಡಂ. ಬಿಳಿ ಉಬ್ಬಿನವ್ನು ಊರೊಳಗೇ ಇದ್ದ. ಮಗೀಗೆ ಪೆಪ್ಪರ್‌ಮಿಂಟ್ ಕೊಟ್ಟಿದ್ನ ನಾನೇ ನೋಡ್ದೆ. ಪೆಟ್ಟಿಗೆ ತಗ್ಸುದ್ರೆ ಮೂರ್ ಮಚ್ಚವೆ!”

ಕೈ ತೊಳೆಯದೆ ಸ್ಕೂಟರ್ ಹತ್ತಿದೆ. ಪುಸ್ತಕ ಬ್ಯಾಗಿನಲ್ಲಿತ್ತು. ನಾನು ನೆಟ್ಟಗೆ ಅಲ್ಲಿಗೆ ಹೋದೆ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಹೋಗಲಿಲ್ಲ. ಅರ್ಧ ದಾರಿಯಲ್ಲಿ ಒಂದು ಬಸ್ ಸ್ಟಾಪಿನ ನೆರಳಿಗೆ ಸ್ಕೂಟರ್ ನಿಲ್ಲಿಸಿ ಕೂತೆ. ಭಯ, ಅದೊಂದು ಕಾರಣ. ಇನ್ನೊಂದು ಕಾರಣವೂ ಇತ್ತು. ಪುಸ್ತಕವನ್ನು ಮನೆಗೆ ಒಯ್ದು ಅಟ್ಟದ ಮೇಲೆ ಬಿಸಾಡಿದರೆ ಯಾರಿಗೆ ಗೊತ್ತಾಗುತ್ತದೆ? ಅದರಲ್ಲಿ ಏನಿದೆ ಅಂತ ನನ್ನನ್ನು ಬಿಟ್ಟರೆ ಆ ಊರಿನಲ್ಲಿ ಒಬ್ಬರೂ ನೋಡಿಲ್ಲ. ಫೋನ್ ಸ್ವಿಚ್ ಆಫ್ ಮಾಡಿ ಹುಷಾರಿಲ್ಲ ಅಂದರಾಯಿತು. ಆಮೇಲೆ ಪೊಲೀಸರು ನೋಡಿಕೊಳ್ಳುತ್ತಾರೆ.

ಸಾಕ್ಷಿ ನಾಶ ಮಾಡುವವರ ತಲೆ ಹೇಗೆ ಓಡುತ್ತದೆ ಅಂತ ನೂರು ಪುಸ್ತಕದಲ್ಲಿ ಓದಿದ್ದೆ. ನನ್ನ ತಲೆಯೂ ಅಷ್ಟೇ ಸಲೀಸಾಗಿ ಓಡುತ್ತದೆ ಅಂತ ಅವತ್ತು ತಿಳಿಯಿತು. ಎಷ್ಟು ಹೊತ್ತು ಕೂತಿದ್ದೆನೋ, ಹತ್ತು ನಿಮಿಷವಂತೂ ಆಗಿತ್ತು. ಆ ಹತ್ತು ನಿಮಿಷದಲ್ಲಿ ಬ್ಯಾರನ್ ಒಳಗೆ ಏನು ಬೇಕಾದರೂ ಆಗಿಬಿಡಬಹುದಿತ್ತು.

ಪೊಲೀಸರಿಗೆ ಫೋನ್ ಮಾಡಿ ಊರಿನ ಹೆಸರು ಹೇಳಿದೆ. ಸ್ಕೂಟರ್ ಸ್ಟಾರ್ಟ್ ಮಾಡಿದೆ.

ಬ್ಯಾರನ್ ಮುಂದೆ ಐವತ್ತು ಅರವತ್ತು ಜನ. ಹೆಂಗಸರು ಒಂದು ಕಡೆ, ಗಂಡಸರು ಬಾಗಿಲ ಹತ್ತಿರ. ಸೌದೆ ರಾಶಿಯಿಂದ ಎಳೆದುಕೊಂಡ ತುಂಡುಗಳು ಕೆಲವರ ಕೈಯಲ್ಲಿದ್ದವು. ಅವರೆಲ್ಲ ನನಗೆ ಗೊತ್ತಿರುವವರೇ. ಕೆಲವರು ಲೈಬ್ರರಿಗೆ ಪೇಪರ್ ಓದಲು ಬರುತ್ತಾರೆ, ನನ್ನ ಸ್ಕೂಟರ್ ಕೆಟ್ಟಾಗ ತಳ್ಳಿಕೊಟ್ಟಿದ್ದಾರೆ. ಅವತ್ತು ಯಾರ ಮುಖವೂ ಗುರುತು ಹತ್ತಲಿಲ್ಲ. ಒಂದು ಪಕ್ಕದಲ್ಲಿ ಸೈಕಲ್ ಬಿದ್ದಿತ್ತು. ಒಡೆದ ಪೆಟ್ಟಿಗೆಯ ಹತ್ತಿರ ಮೂರು ಮಚ್ಚು ಸಾಲಾಗಿ ಜೋಡಿಸಿಟ್ಟಿದ್ದರು. ಸಿನಿಮಾದಲ್ಲಿ ನೋಡಿದ್ದರಲ್ಲ, ಯಾರೂ ಬರಿಗೈಯಲ್ಲಿ ಮುಟ್ಟಿರಲಿಲ್ಲ. ಟವೆಲ್ಲಿನಲ್ಲಿ ಹಿಡಿದು ಇಟ್ಟಿದ್ದರು.

“ಬಂದ್ರು, ಮೇಡಂ ಬಂದ್ರು, ಜಾಗ ಬುಡ್ರಲಾ!”

ದಾರಿಯಾಯಿತು. ಬೆಳಿಗ್ಗೆಯಷ್ಟೇ ಸೊಪ್ಪು ಇಳಿಸಿದ ಬ್ಯಾರನ್ ಅದು. ಗೋಡೆ ಮುಟ್ಟಿದರೆ ಇನ್ನೂ ಬಿಸಿ. ಒಳಗಿನ ಥರ್ಮಾಮೀಟರ್ ನೋಡುವುದಕ್ಕೆ ಗೋಡೆಯಲ್ಲಿ ಅಂಗೈಯಗಲದ ಗಾಜಿನ ಕಿಂಡಿ ಇರುತ್ತದೆ. ಜಯಮ್ಮನ ಗಂಡ ಸ್ವಾಮಿಗೌಡರು ಅದನ್ನು ಟವೆಲ್ಲಿನಿಂದ ಒರೆಸಿ, “ನೋಡಿ ಏಳಿ” ಅಂದರು.

ಕಣ್ಣಿಟ್ಟೆ. ಮೊದಲು ಬರೀ ಕತ್ತಲೆ. ಆಮೇಲೆ ಒಂದು ಮುಖ ಕಿಂಡಿಯ ಹತ್ತಿರಕ್ಕೇ ಬಂತು. ಬೆವರು ಸುರಿಯುತ್ತಿದ್ದ ಮುಖ. ಒಂದು ಹುಬ್ಬು ಕಪ್ಪು. ಇನ್ನೊಂದು ಬಿಳಿ.

ನನ್ನ ಬಾಯಿಂದ ಒಂದು ಸಣ್ಣ ಚೀರು ಹೊರಟಿತು. ಅದೇ ದೊಡ್ಡ ತಪ್ಪಾಯಿತು. “ಗುರ್ತ್ ಇಡುದ್ರು ಕಣ್ರಲಾ!” ಅಂತ ಹಿಂದೆ ಯಾರೋ ಕೂಗಿದರು. ಜನ ಬಾಗಿಲಿಗೆ ನುಗ್ಗಿದರು.

ಗುರುತು ಹಿಡಿದದ್ದು ನಿಜ. ಅವರು ಹುಣಸೂರಿನ ಇಲಿಯಾಸ್ ಸಾಬರು, ಚಾಕು ಕತ್ತರಿಗೆ ಸಾಣೆ ಹಿಡಿಯುವವರು. ಸೈಕಲ್ಲಿಗೇ ಸಾಣೆಕಲ್ಲು ಕಟ್ಟಿಕೊಂಡು ಊರೂರು ತಿರುಗುತ್ತಾರೆ. ಬೇಸಿಗೆಯಲ್ಲಿ ನಮ್ಮ ಮನೆ ಗೇಟಿನ ಮುಂದೆಯೇ ಸೈಕಲ್ ನಿಲ್ಲಿಸಿ ನನ್ನ ಈಳಿಗೆಮಣೆಗೆ ಸಾಣೆ ಹಿಡಿದುಕೊಟ್ಟಿದ್ದರು. ಕಿಡಿ ಹಾರುವುದನ್ನು ನೋಡಲು ಬೀದಿಯ ಮಕ್ಕಳೆಲ್ಲ ಸೇರಿದ್ದರು. ಕಲ್ಲಿನ ಹತ್ತಿರ ಬರಬಾರದು ಅಂತ ಒಂದೊಂದು ಪೆಪ್ಪರ್‌ಮಿಂಟು ಕೊಟ್ಟು ದೂರ ಕೂರಿಸಿದ್ದರು. ನಾನೇ ನೀರು ತಂದುಕೊಟ್ಟಿದ್ದೆ.

ಕೊಲೆಗಾರನನ್ನು ನಾನು ಹುಟ್ಟಿಸಿರಲಿಲ್ಲ. ಕದ್ದಿದ್ದೆ. ಆ ಮನುಷ್ಯನ ಹುಬ್ಬು, ಸೈಕಲ್ಲು, ಪೆಟ್ಟಿಗೆ, ಮಕ್ಕಳ ಮೇಲಿನ ಕಾಳಜಿ ಎಲ್ಲವನ್ನೂ ಕದ್ದು, ನಾನೇ ಕಲ್ಪಿಸಿದೆ ಅಂತ ಬೀಗಿದ್ದೆ. ಅವರ ಜಾತಿ, ಹೆಸರು ಯಾವುದನ್ನೂ ಕಥೆಯಲ್ಲಿ ಹೇಳಿರಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಕೇಳಿದವರು ಅದನ್ನು ತಾವೇ ತುಂಬಿಕೊಂಡರು.

“ಇವ್ರಲ್ಲ!” ಅಂತ ಕಿರುಚಿದೆ. “ಇವರು ಸಾಣೆ ಹಿಡಿಯೋರು. ನಿಮ್ಮೂರಿಗೆ ಎಷ್ಟು ವರ್ಷದಿಂದ ಬರ್ತಿದ್ದಾರೆ! ನಿಮ್ಮ ಕುಡುಗೋಲು ಯಾರು ಹರಿತ ಮಾಡಿದ್ದು?”

“ಅದ್ಕೇ ಯಾರಿಗೂ ಅನ್ಮಾನ ಬರಾಕಿಲ್ಲ ಅಂತ ನೀವೇ ಓದುದ್ರಲ್ಲ?” ಅಂದರು ಸ್ವಾಮಿಗೌಡರು.

ಓದಿದ್ದೆ. ಅದೇ ಮಾತನ್ನು, ದನಿ ತಗ್ಗಿಸಿ, ಎರಡು ಸಲ ಓದಿದ್ದೆ.

ಅಷ್ಟರಲ್ಲಿ ಸವಿತ ಜನರನ್ನು ತಳ್ಳಿಕೊಂಡು ಬಂದಳು. ಕೂದಲು ಬಿಚ್ಚಿಹೋಗಿತ್ತು. ಅಂಟು ಮೆತ್ತಿದ ಕಪ್ಪು ಕೈಗಳಿಂದ ನನ್ನ ಎರಡೂ ತೋಳು ಹಿಡಿದಳು. ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

“ಮೇಡಂ, ಕಥೇಲಿ ಮಗೀನ ಎಲ್ ಬಚ್ಚಿಟ್ಟಿದ್ದ? ಅದೊಂದ್ ಏಳ್ಬುಡಿ. ನಿಮ್ ಕಾಲಿಗೆ ಬೀಳ್ತೀನಿ. ಅಲ್ಲೇ ಉಡಿಕ್ತೀವಿ.”

ನನಗೆ ಗೊತ್ತಿರಲಿಲ್ಲ! ಮಗು ಎಲ್ಲಿದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಗುರುವಾರ ಸ್ಕೂಟರಿನಲ್ಲಿ ಬರುವಾಗ ಏನಾದರೂ ಹೊಳೆಯುತ್ತದೆ ಅಂತ ಬಿಟ್ಟಿದ್ದೆ. ಹೊಡೆತದ ಭಯ, ಅವಮಾನದ ಭಯ, ಕೆಲಸ ಹೋಗುವ ಭಯ ಇವೆಲ್ಲ ನನಗೆ ಗೊತ್ತಿರುವ ಭಯಗಳು. ಆ ತಾಯಿಯ ಮುಖ ನೋಡುತ್ತಾ ನಿಂತಾಗ ಆದದ್ದಕ್ಕೆ ನನ್ನ ಹತ್ತಿರ ಹೆಸರಿಲ್ಲ.

“ಅದು ಸುಳ್ಳು ಸವಿತಾ. ಪುಸ್ತಕದಲ್ಲಿ ಮಗು ಇಲ್ಲ. ಬಿಳಿ ಹುಬ್ಬಿನವನೂ ಇಲ್ಲ. ಎಲ್ಲ ನಾನೇ ಸೇರಿಸಿದ್ದು.”

ಅವಳು ಪಿಯುಸಿವರೆಗೆ ಓದಿದವಳು. ನನ್ನ ಬ್ಯಾಗಿನಿಂದ ಪುಸ್ತಕ ಕಿತ್ತುಕೊಂಡು ಹಾಳೆಗಳನ್ನು ಹರಿಯುವ ಹಾಗೆ ತಿರುವಿದಳು. ಬಂಗಲೆ, ಬಟ್ಲರ್, ಪಿಯಾನೋ. ಪುಸ್ತಕ ಅವಳ ಕೈಯಿಂದ ಬಿತ್ತು.

“ಅಂದ್ರೆ ಇಷ್ಟ್ ದಿನ ನಮ್ಗೆ ಸುಳ್ಳ್ ಓದುದ್ರಾ?” ಜಯಮ್ಮ ಕೇಳಿದರು.

ಇಷ್ಟಕ್ಕೆ ಎಲ್ಲ ತಿಳಿಯಾಯಿತು ಅಂದುಕೊಂಡಿರಾ? ನಾನೂ ಅಂದುಕೊಂಡೆ. ಹಿಂದಿನಿಂದ ಒಂದು ಗಂಡಸಿನ ದನಿ ಬಂತು. “ಪುಸ್ತಕ್ದಲ್ಲಿ ಇಲ್ದೋನ್ನ ಇವ್ರು ಎಂಗೆ ಅಷ್ಟ್ ಕರೆಕ್ಟಾಗಿ ಏಳುದ್ರು? ಇವ್ರಿಗೂ ಅವ್ನಿಗೂ ಏನೋ ಐತೆ.”

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ! ಯಾವ ಪತ್ತೇದಾರನಾದರೂ ಕೇಳಬೇಕಾದ ಪ್ರಶ್ನೆಯೇ. ಅರವತ್ತು ಜೊತೆ ಕಣ್ಣು ಬ್ಯಾರನ್ನಿನ ಬಾಗಿಲು ಬಿಟ್ಟು ನನ್ನ ಕಡೆ ತಿರುಗಿದವು. ನನ್ನ ಬೆನ್ನು ಬಿಸಿ ಗೋಡೆಗೆ ತಾಗಿತು. ಗೋಡೆಯ ಆಚೆ ಬದಿಯಲ್ಲಿ ಇಲಿಯಾಸ್ ಸಾಬರು ಒಂದೇ ಸಮನೆ ಮೆಲ್ಲಗೆ ಬಡಿಯುತ್ತಿದ್ದುದು ಬೆನ್ನಿಗೆ ಗೊತ್ತಾಗುತ್ತಿತ್ತು.

ಶೆಡ್ಡಿನ ಕಡೆಯಿಂದ ಯಾರೋ ಹೆಂಗಸು “ಇಲ್ಲೇ ಅದೆ! ಮಗು ಇಲ್ಲೇ ಅದೆ ಬನ್ನಿ!” ಅಂತ ಕೂಗಿದರು.

ಹಸಿ ಸೊಪ್ಪಿನ ರಾಶಿಯ ಹಿಂದೆ, ಬಿಸಿಲಿಗೆ ಬಾಡದಿರಲಿ ಅಂತ ಹೊದಿಸಿದ್ದ ಗೋಣಿ ತಾಟಿನ ಕೆಳಗೆ ಚಿನ್ನು ಮಲಗಿ ನಿದ್ದೆ ಹೋಗಿದ್ದಳು. ಸವಿತ ಎಲೆ ಕಟ್ಟುತ್ತಿದ್ದ ಜಾಗಕ್ಕೆ ನಾಲ್ಕು ಮಾರು ದೂರ. ಊರೆಲ್ಲ ಹುಡುಕಿದ್ದರು, ಬಾವಿಗೆ ಇಣುಕಿದ್ದರು. ಗೋಣಿ ಎತ್ತಿ ನೋಡಿರಲಿಲ್ಲ. ಯಾಕೆ ನೋಡುತ್ತಾರೆ? ಮಗುವನ್ನು ಯಾರು ಒಯ್ದರು ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತಲ್ಲ, ನಾನೇ ಓದಿ ಹೇಳಿದ್ದೆನಲ್ಲ!

ಸವಿತ ಮಗುವನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕುಸಿದಳು. ಬ್ಯಾರನ್ನಿನ ಅಗುಳಿ ತೆಗೆದರು.

ಇಲಿಯಾಸ್ ಸಾಬರು ಹೊರಗೆ ಬಂದು ಬಿಸಿಲಿಗೆ ಕಣ್ಣು ಮುಚ್ಚಿಕೊಂಡು ನಿಂತರು. ಅಂಗಿ ನೆನೆದು ಮೈಗೆ ಅಂಟಿತ್ತು. ಕೆನ್ನೆಯ ಮೇಲೆ ಬೆರಳಿನ ಗುರುತು. ನೀರು ಕೊಟ್ಟರೆ ಚೊಂಬನ್ನು ಎರಡು ಕೈಯಲ್ಲಿ ಹಿಡಿದರೂ ಅರ್ಧ ಚೆಲ್ಲಿತು. “ಮಗು ಸಿಕ್ತಾ?” ಅಂತ ಕೇಳಿದರು. ಸಿಕ್ಕಿತು ಅಂದಾಗ ದೇವರಿಗೆ ಕೈ ಮೇಲೆತ್ತಿದರು. ಮಚ್ಚುಗಳು ಕಂಪಲಾಪುರದ ಒಂದು ಮಟನ್ ಅಂಗಡಿಯವು, ಸಾಣೆ ಹಿಡಿದು ಸಂಜೆಗೆ ವಾಪಸ್ ಕೊಡಬೇಕು ಅಂದರು. ಅದನ್ನು ಅವರು ಮೊದಲೇ ಹೇಳಿದ್ದರಂತೆ. ಕೊಲೆಗಾರ ಹೇಳಿದ್ದನ್ನು ಯಾರು ನಂಬುತ್ತಾರೆ?

ಯಾರೂ ತಪ್ಪಾಯಿತು ಅನ್ನಲಿಲ್ಲ. ಗಂಡಸರು ಸೌದೆ ತುಂಡುಗಳನ್ನು ರಾಶಿಗೆ ಹಾಕಿ ಮೆಲ್ಲಗೆ ಕರಗಿದರು. ಜಯಮ್ಮ ಒಳಗೆ ಹೋದರು. ಬರುವಾಗ ಕೈಯಲ್ಲಿ ಈಳಿಗೆಮಣೆ. “ಸಾಬ್ರೇ, ಮೊಂಡಾಗದೆ. ಒಸಿ ಸಾಣೆ ಇಡ್ಕೊಟ್ಬುಡಿ” ಅಂದರು. ಆಮೇಲೆ ಒಬ್ಬೊಬ್ಬರೇ ಕುಡುಗೋಲು, ಚಾಕು ಹಿಡಿದು ಬಂದು ನಿಂತರು. ಕ್ಷಮೆ ಕೇಳುವುದಕ್ಕೆ ಅವರಿಗೆ ಗೊತ್ತಿದ್ದ ದಾರಿ ಅದೊಂದೇ.

ಇಲಿಯಾಸ್ ಸಾಬರು ಸೈಕಲ್ ಎತ್ತಿ, ಸ್ಟ್ಯಾಂಡ್ ಹಾಕಿ, ಪೆಡಲ್ ತುಳಿದರು. ಅಲಗು ಕಲ್ಲಿನಿಂದ ಜಾರುತ್ತಿತ್ತು. ಆದರೂ ಹಿಡಿದರು. ಒಂದು ಮಗುವೂ ಕಿಡಿ ನೋಡಲು ಬರಲಿಲ್ಲ. ತಾಯಂದಿರು ಸೆರಗಿನಲ್ಲಿ ಹಿಡಿದುಕೊಂಡೇ ಇದ್ದರು. ನಿಜ ಗೊತ್ತಾದ ಮೇಲೂ ಹಿಡಿದುಕೊಂಡೇ ಇದ್ದರು! ಅವತ್ತಿನಿಂದ ನನ್ನ ನಿದ್ದೆ ಕೆಡಿಸಿರುವುದು ಅದು. ಪುಸ್ತಕವನ್ನು ಮುಚ್ಚಬಹುದು, ಕಿವಿಯಲ್ಲಿ ಕೂತದ್ದನ್ನು ವಾಪಸ್ ತೆಗೆಯುವುದು ಹೇಗೆ?

ಪೊಲೀಸರು ಬಂದು ದೂರು ಕೊಡುತ್ತೀರಾ ಅಂತ ಕೇಳಿದರು. ಇಲಿಯಾಸ್ ಸಾಬರು ಸುತ್ತ ನಿಂತವರನ್ನು ಒಂದು ಸಲ ನೋಡಿ, “ಬೇಡ ಸಾರ್, ಮತ್ತೆ ಈ ಕಡೆನೇ ಬರ್ಬೇಕಲ್ಲ” ಅಂದರು. ನಾನು ಕೈಮುಗಿದು ಏನೇನೋ ಹೇಳಿದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿ ಹೋದರು.

ಗುರುವಾರ ನಾನು ಶೆಡ್ಡಿಗೆ ಹೋಗಲಿಲ್ಲ. ಮನೆಯಲ್ಲಿದ್ದ ಪತ್ತೇದಾರಿ ಪುಸ್ತಕಗಳನ್ನು ಕಟ್ಟಿಟ್ಟೆ. (ಮರುದಿನ ಒಂದನ್ನು ಬಿಚ್ಚಿದೆ. ಹಾಳು ಚಟ.) ಮೂರನೆಯ ಪುಟಕ್ಕೆ ಒಬ್ಬ ಅನುಮಾನಾಸ್ಪದ ತೋಟದ ಮಾಲಿ ಬಂದ. ಅವನ ಮನೆಯಲ್ಲಿ ಯಾರ್ಯಾರಿದ್ದಾರೋ ಅನ್ನಿಸಿತು. ಮುಂದೆ ಓದಲಾಗಲಿಲ್ಲ.

ಮೊನ್ನೆ ಮಧ್ಯಾಹ್ನ ಲೈಬ್ರರಿ ಮುಂದೆ ಸೈಕಲ್ ನಿಂತ ಸದ್ದಾಯಿತು. ತಲೆಯೆತ್ತಿದರೆ ಬಾಗಿಲಲ್ಲಿ ಬಿಳಿ ಹುಬ್ಬು. ನಿಜ ಹೇಳುತ್ತೇನೆ, ಕಣ್ಣು ಮೊದಲು ಹುಡುಕಿದ್ದು ಹಿಂದಿನ ಬಾಗಿಲನ್ನು. ಅವರ ಕೈಯಲ್ಲಿ ಏನಿದೆ ಅಂತ ನೋಡಿದೆ. ಏನೂ ಇರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಕೂರಿ ಅಂದರೂ ಕೂರಲಿಲ್ಲ. ಸುದ್ದಿ ಹುಣಸೂರಿಗೂ ಮುಟ್ಟಿದೆಯಂತೆ. ಮಗಳನ್ನು ಕಾಲೇಜಿನಲ್ಲಿ ಯಾರೋ ರೇಗಿಸಿದರಂತೆ. ಬೈಯಲು ಬಂದಿದ್ದಾರೆ ಅಂತ ತಲೆ ತಗ್ಗಿಸಿ ಕಾದೆ.

ಅವರು ಬೈಯಲಿಲ್ಲ. ಕಪಾಟಿನ ಪುಸ್ತಕಗಳನ್ನು ಒಂದಷ್ಟು ಹೊತ್ತು ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು:

“ನಾನು ಯಾರನ್ನ ಕೊಂದೆ ಅಂತ ಓದಿದ್ರಿ ಮೇಡಂ? ಮನೇಲಿ ಮಗಳು ಕೇಳ್ತಾವ್ಳೆ, ಏನ್ ಹೇಳ್ಲಿ?”